ಭೀಮೆಯ ದಡದಲ್ಲಿದ್ದುಕೊಂಡೇ ಕಡಲಾಮೆ ಕಾಯುವುದು ಹೇಗೆ?

ಗಾಣಗಾಪುರದ ಸಂಗಮದಲ್ಲಿ ನೀರಿಗೆ ಬಿಟ್ಟ ಪ್ಲಾಸ್ಟಿಕ್ ಕವರ್ ಎಲ್ಲಿಗೆ ಹೋಗುತ್ತದೆ? ಭೀಮಾ ನದಿ ಸನ್ನತಿ, ಯಾದಗಿರಿ ದಾಟಿ ರಾಯಚೂರಿನ ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ತೆಲಂಗಾಣ, ಆಂಧ್ರ ಹಾದು ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಆ ಕಡೆಯ ಮರಳ ದಂಡೆಗೆ ವರ್ಷದ ಮೊದಲ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಬೀದರಿನ ಮಾಂಜ್ರಾ ನದಿ ಕೂಡ ಗೋದಾವರಿ ಸೇರಿ ಅದೇ ಸಮುದ್ರ ಮುಟ್ಟುತ್ತದೆ. ನಮ್ಮೂರಲ್ಲಿ ಸಮುದ್ರವೇ ಇಲ್ಲ, ನಾವೇನು ಮಾಡೋಣ ಎಂದು ಸುಮ್ಮನಿರುವ ಹಾಗಿಲ್ಲ.

ದಾರಿಯಲ್ಲಿ ಜುರಾಲಾ, ಶ್ರೀಶೈಲಂ, ನಾಗಾರ್ಜುನಸಾಗರ ಅಣೆಕಟ್ಟುಗಳಿವೆ ನಿಜ. ಒಂದಷ್ಟು ಕಸ ಅಲ್ಲೇ ತಡೆಯುತ್ತದೆ. ಆದರೆ ಪ್ರವಾಹ ಬಂದು ಗೇಟ್ ಎತ್ತಿದ ದಿನ ತೇಲುವ ಕಸ ಮುಂದಕ್ಕೆ ಹೋಗುತ್ತದೆ. ಹೋಗದೆ ಉಳಿದದ್ದು ನಮ್ಮದೇ ನದಿಯ ಆಮೆಗಳ ಕೊರಳಿಗೆ ಬೀಳುತ್ತದೆ.

ಭಾರತದ ಸಮುದ್ರದಲ್ಲಿ 5 ಜಾತಿಯ ಕಡಲಾಮೆಗಳಿವೆ. ಐದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ (ಷೆಡ್ಯೂಲ್ 1) ಜಾಗ ಇದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಆಲಿವ್ ರಿಡ್ಲಿ ಒಂದು ಸಲಕ್ಕೆ ಸುಮಾರು 100 ಮೊಟ್ಟೆ ಇಡುತ್ತದೆ. ಆದರೆ ಸಾವಿರ ಮರಿಗಳಲ್ಲಿ ದೊಡ್ಡದಾಗುವುದು ಒಂದೋ ಎರಡೋ ಎಂಬ ಅಂದಾಜಿದೆ. ಅಷ್ಟು ಕಷ್ಟಪಟ್ಟು ಬೆಳೆದ ಒಂದು ತಾಯಿ ಆಮೆ ಬಲೆಗೋ ಪ್ಲಾಸ್ಟಿಕ್‌ಗೋ ಸಿಕ್ಕಿ ಸತ್ತರೆ ಆ ನಷ್ಟ ತುಂಬುವುದು ಸುಲಭವಲ್ಲ.

ಮೊದಲು ನದಿಯಿಂದ ಶುರು ಮಾಡಿ

ತೇಲುವ ಕವರ್ ಆಮೆಯ ಕಣ್ಣಿಗೆ ಅದು ತಿನ್ನುವ ಅಂಬಲಿ ಮೀನು (ಜೆಲ್ಲಿಫಿಶ್) ಕಂಡಂತೆ ಕಾಣುತ್ತದೆ. ನುಂಗಿದರೆ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಸಂಗಮಕ್ಕೋ ತಿಂಥಣಿಗೋ ಹೋಗುವಾಗ ಹೂವು, ಕಾಯಿ, ಕರ್ಪೂರವನ್ನು ಬಟ್ಟೆ ಚೀಲದಲ್ಲಿ ಒಯ್ಯಿರಿ. ಪೂಜೆಯ ಹೂವನ್ನು ಕವರ್‌ನಲ್ಲಿ ಕಟ್ಟಿ ಹೊಳೆಗೆ ಎಸೆಯುವುದು ಬೇಡವೇ ಬೇಡ. ಹೊಲದ ಬದುವಿಗೆ ಹಾಕಿದರೆ ಗೊಬ್ಬರವಾದರೂ ಆಗುತ್ತದೆ. ಹಳೆ ಬಟ್ಟೆ, ದೇವರ ಫೋಟೋದ ಚೌಕಟ್ಟು, ಗಾಜು, ಇವೂ ನೀರಿಗೆ ಬೇಡ.

ಮೀನು ಹಿಡಿಯುವವರು ಗಮನಿಸಬೇಕಾದ ಮಾತು ಒಂದಿದೆ. ಹರಿದ ನೈಲಾನ್ ಬಲೆಯನ್ನು ನೀರಲ್ಲೇ ಬಿಡಬೇಡಿ. ಒಡೆಯನಿಲ್ಲದಿದ್ದರೂ ಬಲೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮೀನು, ಹಾವು, ಆಮೆ ಎಲ್ಲವೂ ಅದಕ್ಕೆ ಸಿಕ್ಕಿ ಉಸಿರುಗಟ್ಟಿ ಸಾಯುತ್ತವೆ. ಆಮೆ ಉಸಿರಾಡಲು ನೀರಿನ ಮೇಲೆ ಬರಲೇಬೇಕು ಅಲ್ವಾ?

ಸ್ವಚ್ಛತೆಗೆ ಊರಿನವರು ಸೇರುವುದಾದರೆ ಮೇ ತಿಂಗಳು ಒಳ್ಳೆಯದು. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಹಳ್ಳದಲ್ಲಿದ್ದ ಕಸವೆಲ್ಲ ಹೊಳೆ ಸೇರಿಬಿಡುತ್ತದೆ. ಆಗ ದಡ ಗುಡಿಸಿ ಏನು ಬಂತು? ಊರೊಳಗಿನ ಹಳ್ಳ, ನಾಲಾ, ಸೇತುವೆ ಕೆಳಗಿನ ಜಾಗ ಮೊದಲು, ನದಿಯ ದಡ ಆಮೇಲೆ.

ಡಿಸೆಂಬರ್ ಟೂರ್‌ಗೆ ಮುನ್ನ

ನಮ್ಮ ಕಡೆಯ ಶಾಲೆಗಳ ಪ್ರವಾಸ ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ. ಗೋಕರ್ಣ, ಮುರುಡೇಶ್ವರ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಕರಾವಳಿಯಲ್ಲಿ ಆಮೆಗಳು ಮೊಟ್ಟೆ ಇಡುವ ಕಾಲವೂ ಅದೇ. ಹೊನ್ನಾವರದ ಕಾಸರಕೋಡು ಕಡೆ ಮೀನುಗಾರರು, ಅರಣ್ಯ ಸಿಬ್ಬಂದಿ ಸೇರಿ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಹೋಗುವ ಮಕ್ಕಳಿಗೆ ಬಸ್ಸಿನಲ್ಲೇ ಈ ವಿಷಯ ಹೇಳಿದರೆ ಅವರ ಕೆಲಸ ಎಷ್ಟೋ ಹಗುರಾಗುತ್ತದೆ.

ರಾತ್ರಿ ದಂಡೆಯ ಮೇಲೆ ಟಾರ್ಚ್, ಮೊಬೈಲ್ ಫ್ಲ್ಯಾಶ್ ಬೇಡ. ಬೆಳಕು, ಗದ್ದಲ ಕಂಡರೆ ತಾಯಿ ಆಮೆ ಮೊಟ್ಟೆ ಇಡದೇ ನೀರಿಗೆ ಮರಳಬಹುದು. ಅಕಸ್ಮಾತ್ ಎದುರಾದರೆ ನಿಂತಲ್ಲೇ ಕುಳಿತುಬಿಡಿ. ಅದರ ಮುಂದೆ ಹೋಗಬೇಡಿ, ದಾರಿ ಬಿಡಿ. ಮುಟ್ಟುವುದು, ಮೇಲೆ ಕೂರಿಸಿ ಫೋಟೋ ತೆಗೆಯುವುದು ಅಪರಾಧ.

ಬೆಳಿಗ್ಗೆ ಮರಳಿನ ಮೇಲೆ ನೀರಿನಿಂದ ಬಂದು ಮತ್ತೆ ನೀರಿಗೆ ಹೋದ ಅಗಲವಾದ ಜಾಡು ಕಂಡರೆ ಅಲ್ಲೆಲ್ಲೋ ಗೂಡಿರಬಹುದು. ಅಗೆದು ನೋಡಬೇಡಿ. ಮೊಟ್ಟೆಯೊಳಗಿನ ಭ್ರೂಣ ಕೆಲವೇ ಗಂಟೆಗಳಲ್ಲಿ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ತಿರುಗಿದರೆ ಅದು ಸಾಯುತ್ತದೆ. ತಿಳಿದವರು ಬರಲಿ, ನೀವು ಜಾಗ ಕಾಯಿರಿ, ನಾಯಿಗಳನ್ನು ದೂರ ಇಡಿ.

ಮರಿಗಳು ಹೊರಬರಲು 45ರಿಂದ 60 ದಿನ ಬೇಕು. ಬಂದ ಮರಿಗಳು ಹೆಚ್ಚು ಬೆಳಕಿದ್ದ ಕಡೆ ನಡೆಯುತ್ತವೆ. ಕತ್ತಲ ದಂಡೆಯಲ್ಲಿ ಆ ಬೆಳಕು ಸಮುದ್ರದ್ದು. ಹೋಟೆಲ್ ದೀಪ ಉರಿಯುತ್ತಿದ್ದರೆ ಅವು ರಸ್ತೆಗೆ ಬರುತ್ತವೆ. ಆದ್ದರಿಂದ ರೂಮಿನ ಕಿಟಕಿ ಪರದೆ ಎಳೆಯಿರಿ, ದಂಡೆಯ ಕಡೆಯ ಲೈಟ್ ಆರಿಸಲು ಹೋಟೆಲಿನವರಿಗೆ ಹೇಳಿ. ಪಾಪ ಎಂದು ಮರಿಯನ್ನು ಬಕೆಟ್ ನೀರಿಗೆ ಹಾಕಬೇಡಿ, ಎತ್ತಿ ಅಲೆಗೂ ಬಿಡಬೇಡಿ. ಮಕ್ಕಳು ತೋಡಿದ ಮರಳ ಗುಂಡಿಗಳನ್ನು ಮಾತ್ರ ಹೊರಡುವ ಮುನ್ನ ಮುಚ್ಚಿಸಿ. ಮರಿ ಬಿದ್ದರೆ ಮೇಲೆ ಹತ್ತಲಾರದು.

ಸುಸ್ತಾದ ದೊಡ್ಡ ಆಮೆ ದಡದಲ್ಲಿ ಬಿದ್ದಿದ್ದರೆ ಸಮುದ್ರಕ್ಕೆ ತಳ್ಳಬೇಡಿ. ನಿತ್ರಾಣವಾದ ಆಮೆ ಮುಳುಗಿ ಸಾಯಬಹುದು. ನೆರಳು ಮಾಡಿ, ಮೂಗು ಬಿಟ್ಟು ಬೆನ್ನಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅರಣ್ಯ ಇಲಾಖೆಗೆ ಫೋನ್ ಮಾಡಿ (ನಂಬರ್ ಕೊನೆಯಲ್ಲಿದೆ).

ನಮ್ಮ ಹೊಳೆ, ಕೆರೆಯ ಆಮೆಗಳು

ಕೃಷ್ಣಾ, ಗೋದಾವರಿ ಕಣಿವೆಯ ನದಿಗಳಲ್ಲಿ ಲೀತ್ ಹೆಸರಿನ ಮೆದು ಚಿಪ್ಪಿನ ಆಮೆಯಿದೆ. ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ. 2022ರಲ್ಲಿ ಪನಾಮಾದಲ್ಲಿ ನಡೆದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸಭೆಯಲ್ಲಿ ಭಾರತವೇ ಕೇಳಿ ಇದಕ್ಕೆ ಕಟ್ಟುನಿಟ್ಟಿನ ರಕ್ಷಣೆ ಕೊಡಿಸಿತು. ಕಡಲಾಮೆಗಾಗಿ ಹೊಳೆ ಶುಚಿಯಾಗಿಟ್ಟರೆ ಮೊದಲ ಲಾಭ ಇದಕ್ಕೇ.

ಕೆರೆಗಳಲ್ಲಿ ಇನ್ನೊಂದು ಸಣ್ಣ ಮೆದು ಚಿಪ್ಪಿನ ಆಮೆ ಇರುತ್ತದೆ. ನೀರು ಬತ್ತಿದಾಗ ಅದು ಕೆಸರಿನಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ. ಬೇಸಿಗೆಯಲ್ಲಿ ಹೂಳೆತ್ತುವ ಜೆಸಿಬಿಗೆ ಸಿಗುವುದು ಇದೇ. ಯಂತ್ರ ನಿಲ್ಲಿಸಿ, ಚಿಪ್ಪಿನ ಹಿಂಭಾಗ ಹಿಡಿದು ಎತ್ತಿ. ಕುತ್ತಿಗೆ ಉದ್ದ, ಕಚ್ಚುತ್ತದೆ. ಅದೇ ಕೆರೆಯ ತೇವ ಇರುವ, ಕೆಲಸ ನಡೆಯದ ಮೂಲೆಗೆ ಬಿಟ್ಟರೆ ಸಾಕು.

ಮನೆಯಲ್ಲಿ ಆಮೆ ಇದ್ದರೆ ದುಡ್ಡು ಬರುತ್ತದೆ ಎಂದು ನಕ್ಷತ್ರ ಆಮೆ ಕೊಳ್ಳುವವರಿದ್ದಾರೆ. ದುಡ್ಡು ಬರುವುದಿಲ್ಲ, ಜೈಲು ಬರಬಹುದು. ಮೊದಲ ಪರಿಚ್ಛೇದದ ಪ್ರಾಣಿ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷ. ಅಕ್ವೇರಿಯಂ ಅಂಗಡಿಯ ಕೆಂಪು ಕಿವಿಯ ವಿದೇಶಿ ಆಮೆ ಸಾಕಿ ಬೇಸರವಾದರೆ ಕಲಬುರಗಿಯ ಅಪ್ಪನ ಕೆರೆಗೆ ಬಿಡಬೇಡಿ. ನಮ್ಮ ಆಮೆಗಳ ಊಟ, ಜಾಗ ಎರಡನ್ನೂ ಅದು ಕಸಿಯುತ್ತದೆ.

ಕಣ್ಣಾರೆ ನೋಡಬೇಕೆನಿಸಿದರೆ

ಕಲಬುರಗಿ, ವಾಡಿ, ಯಾದಗಿರಿ ಹಾದು ಚೆನ್ನೈಗೆ ರೈಲಿದೆ. ಅಲ್ಲಿ ವಿದ್ಯಾರ್ಥಿಗಳ ತಂಡವೊಂದು 1988ರಿಂದ ದಂಡೆಯುದ್ದಕ್ಕೂ ರಾತ್ರಿ ನಡೆದು ಗೂಡು ಕಾಯುತ್ತಿದೆ. ಜನವರಿಯಿಂದ ಮಾರ್ಚ್‌ವರೆಗೆ ವಾರಾಂತ್ಯದ ನಡಿಗೆಗೆ ಸಾರ್ವಜನಿಕರನ್ನೂ ಕರೆದೊಯ್ಯುತ್ತದೆ. ಮುಂಚೆಯೇ ವಿಚಾರಿಸಿ ಹೋಗಿ. ಕಾಲೇಜು ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ನನಗೆ ತೋಚುವುದಿಲ್ಲ.

ಫೋನ್ ಮಾಡುವಾಗ

ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಸಿಗದಿದ್ದರೆ 112. ಜಾಗದ ಹೆಸರು, ಹತ್ತಿರದ ಗುರುತು, ಆಮೆ ಜೀವಂತವೋ ಸತ್ತಿದೆಯೋ, ಗಾಯ ಎಲ್ಲಿ, ಬಲೆ ಸುತ್ತಿದೆಯೇ ಎಂಬುದನ್ನು ಹೇಳಿ. ಹಗಲಾದರೆ ದೂರದಿಂದ ಒಂದು ಫೋಟೋ ತೆಗೆಯಿರಿ. ಸತ್ತ ಆಮೆಯ ಸುದ್ದಿಯೂ ಬೇಕು, ಯಾವ ದಂಡೆಯಲ್ಲಿ ಏನು ಕೊಲ್ಲುತ್ತಿದೆ ಎಂಬುದು ತಿಳಿಯುವುದು ಅದರಿಂದಲೇ. ಗೂಡು ಇರುವ ಜಾಗವನ್ನು ಮಾತ್ರ ಫೇಸ್‌ಬುಕ್‌ಗೆ ಹಾಕಬೇಡಿ. ಮೊಟ್ಟೆ ಕದಿಯುವವರೂ ಅದನ್ನು ಓದುತ್ತಾರೆ.