ಕರೆಂಟು ಹೋದರೂ ಹಳೇ ಕಸ ಉಳಿಯದಂತೆ: ಲಿನಕ್ಸ್‌ನ ರನ್‌ಟೈಮ್ ಫೈಲುಗಳನ್ನು ರ‍್ಯಾಮ್‌ನಲ್ಲಿ ಇಡುವುದು ಹೇಗೆ?

ಮಳೆಗಾಲ ಶುರುವಾದರೆ ನಮ್ಮ ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳೋಕೆ ಆಗಲ್ಲ. ಶಾಲೆಯ ಲೈಬ್ರರಿ ಪಟ್ಟಿ ತೋರಿಸುವ ಒಂದು ಚಿಕ್ಕ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಅದು ತನ್ನ ಪಿಐಡಿ ಫೈಲನ್ನು (ಓಡುತ್ತಿರುವ ಪ್ರೋಗ್ರಾಂಗೆ ಲಿನಕ್ಸ್ ಕೊಟ್ಟ ನಂಬರನ್ನು ಬರೆದಿಡುವ ಫೈಲು) ಹೋಮ್ ಫೋಲ್ಡರಿನಲ್ಲಿ ಬರೆಯುತ್ತದೆ. ಕರೆಂಟು ಹೋಗಿ ಬಂದ ಮೇಲೂ ಆ ಫೈಲು ಅಲ್ಲೇ ಬಿದ್ದಿರುತ್ತದೆ. ಅದರಲ್ಲಿ 1432 ಅಂತ ಇದ್ದು, ಆ ನಂಬರು ಈ ಸಲ ಬೇರೆ ಯಾವುದೋ ಪ್ರೋಗ್ರಾಂಗೆ ಸಿಕ್ಕಿದ್ದರೆ, ನಮ್ಮ ಪ್ರೋಗ್ರಾಂ 'ನಾನು ಆಗಲೇ ಓಡುತ್ತಿದ್ದೇನೆ' ಅಂತ ತಿಳಿದು ಶುರುವಾಗುವುದೇ ಇಲ್ಲ.

ಪ್ರೋಗ್ರಾಂ ಓಡುವಾಗ ಮಾತ್ರ ಬೇಕಾಗುವ ಇಂಥ ರನ್‌ಟೈಮ್ ಫೈಲುಗಳ ಜಾಗ /ರನ್ ಅನ್ನೋ ಫೋಲ್ಡರ್. ಪಿಐಡಿ, ಸಾಕೆಟ್ (ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಫೈಲು), ಲಾಕ್ (ಒಂದೇ ಕೆಲಸಕ್ಕೆ ಇಬ್ಬರು ಕೈ ಹಾಕದಂತೆ ತಡೆಯುವ ಫೈಲು), ಎಲ್ಲವೂ ಅಲ್ಲೇ ಇರಬೇಕು. 2011ರ ಸುಮಾರಿಗೆ ಫೆಡೋರಾ, ಡೆಬಿಯನ್, ಉಬುಂಟು ಹೀಗೆ ಲಿನಕ್ಸ್‌ನ ಬೇರೆ ಬೇರೆ ರೂಪಗಳೆಲ್ಲವೂ ಇದನ್ನು ತಂದವು. ಹಳೇ /ವಾರ್/ರನ್ ಈಗ ಇದಕ್ಕೇ ಕೊಂಡಿ. ಇದು ಟಿಎಂಪಿಎಫ್‌ಎಸ್, ಅಂದರೆ ಡಿಸ್ಕಿನಲ್ಲಲ್ಲ, ಮೆಮೊರಿಯಲ್ಲಿ ಇರುವ ಫೈಲ್‌ಸಿಸ್ಟಂ. ಮಷೀನು ಆಫ್ ಆದರೆ ಎಲ್ಲ ಖಾಲಿ.

ನಿಮ್ಮಲ್ಲಿ ಹೇಗಿದೆ ಅಂತ ಮೊದಲು ನೋಡಿ. ಕಮಾಂಡುಗಳನ್ನೂ ಫೈಲಿಗೆ ಸೇರಿಸುವ ಸಾಲುಗಳನ್ನೂ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.

ಫೈಂಡ್‌ಎಂಎನ್‌ಟಿ -ಟಿ ಟಿಎಂಪಿಎಫ್‌ಎಸ್

/ರನ್, /ಡೆವ್/ಎಸ್‌ಎಚ್‌ಎಂ, /ರನ್/ಯೂಸರ್/1000 ಹೀಗೆ ಕೆಲವು ಸಾಲು ಬರುತ್ತವೆ. ಕೊನೆಯದು ನಿಮ್ಮ ಲಾಗಿನ್‌ಗೆ ಸೇರಿದ್ದು, ಸಾಮಾನ್ಯವಾಗಿ ರ‍್ಯಾಮ್‌ನ 10% ಅದರ ಮಿತಿ.

ಈಗ ನಿಜವಾದ ಕೆಲಸ. /ರನ್ ಒಳಗೆ ಕೈಯಾರೆ ಫೋಲ್ಡರ್ ಮಾಡಿ ಸುಮ್ನೆ ಬಿಟ್ಟರೆ ಮುಂದಿನ ಬೂಟಿನಲ್ಲಿ ಅದು ಇರುವುದಿಲ್ಲ, ಪ್ರೋಗ್ರಾಂ ಫೋಲ್ಡರ್ ಸಿಗದೆ ಎಡವುತ್ತದೆ. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಪ್ರೋಗ್ರಾಂ ಸಿಸ್ಟಂಡಿ (ಹಿನ್ನೆಲೆಯ ಸರ್ವಿಸ್‌ಗಳನ್ನು ಶುರು ಮಾಡಿ ನಿಲ್ಲಿಸುವ ವ್ಯವಸ್ಥೆ) ನಡೆಸುವ ಸರ್ವಿಸ್ ಆಗಿದ್ದರೆ ಅದರ ಯುನಿಟ್ ಫೈಲಿನ, ಅಂದರೆ ಆ ಸರ್ವಿಸ್‌ನ ಸೆಟ್ಟಿಂಗ್ ಫೈಲಿನ, ಸರ್ವಿಸ್ ಭಾಗದಲ್ಲಿ ಒಂದೇ ಸಾಲು ಸಾಕು:

ರನ್‌ಟೈಮ್‌ಡೈರೆಕ್ಟರಿ=ಪುಸ್ತಕ

ಸರ್ವಿಸ್ ಶುರುವಾಗುವಾಗ /ರನ್/ಪುಸ್ತಕ ತಾನಾಗಿ ಹುಟ್ಟುತ್ತದೆ, ಅದರ ಒಡೆತನ ಯೂಸರ್ ಸಾಲಿನಲ್ಲಿ ಹೇಳಿದವರಿಗೇ ಹೋಗುತ್ತದೆ, ನಿಂತಾಗ ಅಳಿಸಿಹೋಗುತ್ತದೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟದ ದಾರಿ. ಸರ್ವಿಸ್ ಅಲ್ಲದ ಸ್ಕ್ರಿಪ್ಟಾದರೆ /ಇಟಿಸಿ/ಟಿಎಂಪಿಫೈಲ್ಸ್.ಡಿ ಒಳಗೆ ಪುಸ್ತಕ.ಕಾನ್ಫ್ ಅಂತ ಫೈಲು ಮಾಡಿ ಹೀಗೆ ಬರೆಯಿರಿ:

ಡಿ /ರನ್/ಪುಸ್ತಕ 0755 ಲೈಬ್ರರಿ ಲೈಬ್ರರಿ -

ಲೈಬ್ರರಿ ಅನ್ನೋದು ಇಲ್ಲಿ ಯೂಸರ್ ಮತ್ತು ಗ್ರೂಪಿನ ಹೆಸರು, ಅವು ಮೊದಲೇ ಇರಬೇಕು. ಪ್ರತಿ ಬೂಟಿನಲ್ಲೂ ಫೋಲ್ಡರ್ ತಯಾರಾಗುತ್ತದೆ. ಈಗಲೇ ಬೇಕಿದ್ದರೆ ಸುಡೊ ಸಿಸ್ಟಂಡಿ-ಟಿಎಂಪಿಫೈಲ್ಸ್ --ಕ್ರಿಯೇಟ್ ಓಡಿಸಿ. ಆಮೇಲೆ ಪ್ರೋಗ್ರಾಂನಲ್ಲಿ ಪಿಐಡಿ ಫೈಲಿನ ದಾರಿ ಬದಲಿಸುವುದನ್ನು ಮರೆಯಬೇಡಿ.

/ಟಿಎಂಪಿಯನ್ನೂ ಹೀಗೇ ಮೆಮೊರಿಗೆ ತರಬಹುದು. ಎಸ್‌ಡಿ ಕಾರ್ಡಿನಲ್ಲಿ ಓಡುವ ರಾಸ್ಪ್‌ಬೆರಿ ಪೈಗೆ ಇದು ಒಳ್ಳೆಯದು, ಕಾರ್ಡಿಗೆ ಬರೆಯುವುದು ಕಡಿಮೆಯಾಗುತ್ತದೆ. ಬೂಟಿನಲ್ಲಿ ಯಾವ ಫೈಲ್‌ಸಿಸ್ಟಂ ಎಲ್ಲಿ ಸೇರಬೇಕು ಅನ್ನೋ ಪಟ್ಟಿಯಾದ /ಇಟಿಸಿ/ಎಫ್‌ಎಸ್‌ಟ್ಯಾಬ್‌ಗೆ ಈ ಸಾಲು ಸೇರಿಸಿ:

ಟಿಎಂಪಿಎಫ್‌ಎಸ್ /ಟಿಎಂಪಿ ಟಿಎಂಪಿಎಫ್‌ಎಸ್ ಸೈಜ್=512ಎಂ,ಮೋಡ್=1777,ನೋಸುಯಿಡ್,ನೋಡೆವ್ 0 0

ಸೈಜ್ ಹಾಕದಿದ್ದರೆ ಅರ್ಧ ರ‍್ಯಾಮ್ ತನಕ ತುಂಬಬಹುದು, 4 ಜಿಬಿ ಮಷೀನಿನಲ್ಲಿ ಅದು ಸುಮಾರು 2 ಜಿಬಿ. ಅಷ್ಟೂ ಮೊದಲೇ ಕಟ್ಟಿಟ್ಟ ಜಾಗವಲ್ಲ, ಫೈಲು ತುಂಬಿದಷ್ಟೇ ಮೆಮೊರಿ ಹೋಗುವುದು. ಆದರೆ 1 ಜಿಬಿಯ ವಿಡಿಯೋವನ್ನು ಅಲ್ಲಿ ಬಿಚ್ಚಲು ಹೋದರೆ ಜಾಗ ಇಲ್ಲ ಅನ್ನುತ್ತದೆ, ಅಲ್ವಾ? ಆಗ ರೀಬೂಟ್ ಬೇಡ:

ಸುಡೊ ಮೌಂಟ್ -ಒ ರಿಮೌಂಟ್,ಸೈಜ್=1500ಎಂ /ಟಿಎಂಪಿ

ಡೇಟಾಬೇಸ್, ಮಕ್ಕಳ ಅಂಕಪಟ್ಟಿ, ಇನ್ನೂ ಸೇವ್ ಆಗಬೇಕಾದ ದಾಖಲೆ, ಇವನ್ನು ದಯವಿಟ್ಟು ಇಲ್ಲಿ ಇಡಬೇಡಿ. ರೀಬೂಟ್ ಆದ ಮೇಲೂ ಬೇಕಾದ ತಾತ್ಕಾಲಿಕ ಫೈಲಿಗೆ /ವಾರ್/ಟಿಎಂಪಿ ಇದೆ.

ಎಲ್ಲ ಮುಗಿದ ಮೇಲೆ ಒಮ್ಮೆ ರೀಬೂಟ್ ಮಾಡಿ, ಎಲ್‌ಎಸ್ -ಎಲ್‌ಡಿ /ರನ್/ಪುಸ್ತಕ ಹೊಡೆಯಿರಿ. ಫೋಲ್ಡರ್ ಇದೆಯಾ, ಒಡೆತನ ಸರಿ ಇದೆಯಾ ನೋಡಿ. ಇಲ್ಲದಿದ್ದರೆ ಜರ್ನಲ್‌ಸಿಟಿಎಲ್ -ಬಿ ಓಡಿಸಿ, ಯಾವ ಸಾಲು ತಪ್ಪಿದೆ ಅಂತ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.