ಬಾದಾಮಿ ಮ್ಯೂಸಿಯಂ: ವೀರಗಲ್ಲನ್ನು ಕೆಳಗಿನಿಂದ ಓದಿ

ಬಾದಾಮಿಗೆ ಹೋದವರು ಮೊದಲು ಮೇಣಬಸದಿ ಗುಹೆಗಳನ್ನು ಹತ್ತುತ್ತಾರೆ. ಇಳಿದು ಅಗಸ್ತ್ಯತೀರ್ಥ ಕೆರೆಯ ಆಚೆ ದಡದ ಮ್ಯೂಸಿಯಂಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ಹೊಟ್ಟೆ ಹಸಿದಿರುತ್ತದೆ. ಫ್ಯಾನಿನ ಕೆಳಗೆ ನಿಂತು, ‘ಇಲ್ಲೂ ಕಲ್ಲೇನಾ’ ಎನ್ನುತ್ತಾ ಹೊರಬೀಳುತ್ತಾರೆ. ಮಕ್ಕಳನ್ನು ಕರೆತಂದ ಮೇಷ್ಟ್ರುಗಳೂ ಇದನ್ನೇ ಮಾಡುವುದನ್ನು ನೋಡಿ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಿನ ನೋಡಿಕೊಳ್ಳಿ. ಇದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯದು, ಶುಕ್ರವಾರ ರಜೆ. ಐಹೊಳೆ, ಹಂಪಿ ಬಳಿಯ ಕಮಲಾಪುರದಲ್ಲೂ ಅದೇ ಕಟ್ಟಳೆ. ಗುಹೆಗಳು ತೆರೆದಿರುತ್ತವೆ ಅಂತ ಶುಕ್ರವಾರ ಬಂದು ಬೀಗ ನೋಡಿ ಹೋಗುವವರು ಬಹಳ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮ್ಯೂಸಿಯಂ, ಆಮೇಲೆ ಗುಹೆ. ಈ ವಿಷಯದಲ್ಲಿ ನನ್ನದು ಹಟವೇ. ಬಾಳೆಹಣ್ಣು, ಚುರುಮುರಿ ಕೈಯಲ್ಲಿ ಹಿಡಿದು ಬರಬೇಡಿ. ಇಲ್ಲಿನ ಮಂಗಗಳು ಬ್ಯಾಗಿನ ಜಿಪ್ ಎಳೆಯುವುದನ್ನೂ ಕಲಿತಿವೆ.

ಒಳಗೆ ಆದಿಮಾನವರ ಕಲ್ಲಿನ ಆಯುಧಗಳು, ಶಿಡ್ಲಫಡಿ ಗುಹೆಯ ಮಾದರಿ ಇವೆ. ಮಕ್ಕಳು ಗುಹೆಯೊಳಗೆ ಇಣುಕಲಿ, ನೀವು ಮುಂದೆ ನಡೆಯಿರಿ. ನಾಗನಾಥಕೊಳ್ಳದ ಲಜ್ಜಾಗೌರಿ ಎಂಬ ಬತ್ತಲೆ ದೇವಿಯ ಮುಂದೆ ಮುಸಿಮುಸಿ ನಗುವವರು ನಗಲಿ, ಅವರು ಸರಿದ ಮೇಲೆ ತಲೆಯ ಜಾಗದಲ್ಲಿ ಅರಳಿದ ತಾವರೆಯನ್ನು ಗಮನಿಸಿ. ಮಕರತೋರಣಕ್ಕೆ ಎರಡೂ ಬದಿ ಕೆತ್ತನೆಯಿದೆ. ಎದುರಿನಿಂದ ನೋಡಿ ಹೊರಟುಬಿಡಬೇಡಿ, ಸುತ್ತಿ ಬನ್ನಿ.

ಈಗ ವೀರಗಲ್ಲು, ಕಾದಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು. ಎಲ್ಲರೂ ಎಡವುವುದು ಇಲ್ಲೇ.

ನಮ್ಮ ಕಣ್ಣಿಗೆ ಪುಟವನ್ನು ಮೇಲಿನಿಂದ ಓದುವ ಅಭ್ಯಾಸ. ವೀರಗಲ್ಲನ್ನು ಹಾಗೆ ಓದಿದರೆ ಸಿನಿಮಾದ ಕೊನೆಯ ರೀಲನ್ನು ಮೊದಲು ಹಾಕಿದಂತೆ. ಕುಕ್ಕರಗಾಲಲ್ಲಿ ಕೂತು ಕೆಳಗಿನ ಪಟ್ಟಿಕೆಯಿಂದ, ಅಂದರೆ ಕೆತ್ತನೆಯ ಅಡ್ಡಸಾಲಿನಿಂದ, ಶುರು ಮಾಡಿ. ಅಲ್ಲಿ ಕಾಳಗ. ಬೇರೆಯವರಿಗಿಂತ ದೊಡ್ಡದಾಗಿ ಕೆತ್ತಿದ್ದರೆ ಅವನೇ ಸತ್ತ ವೀರ. ಕುದುರೆ ಮೇಲಿದ್ದಾನೋ, ಬರಿಗಾಲಲ್ಲಿ ಬಿಲ್ಲು ಹಿಡಿದಿದ್ದಾನೋ, ತಲೆ ಮೇಲೆ ಛತ್ರಿ ಇದೆಯೋ ನೋಡಿ, ಅವನ ಅಂತಸ್ತು ತಿಳಿಯುತ್ತದೆ. ಪಕ್ಕದಲ್ಲಿ ಸಾಲುಗಟ್ಟಿದ ದನಗಳಿದ್ದರೆ ಅದು ತುರುಗೋಳು: ಊರ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಿ ಸತ್ತವನು. ಹೆಂಗಸರ ಮಾನ ಕಾಯಲು ಕಾದಿದ್ದರೆ ಶಾಸನದಲ್ಲಿ ‘ಪೆಣ್ಬುಯ್ಯಲ್’ ಎಂದಿರುತ್ತದೆ. ಎದುರಿಗೆ ಹುಲಿಯೋ ಹಂದಿಯೋ ಇದ್ದರೆ ಬೇಟೆಯ ಸಾವು.

ನಡುವಿನ ಪಟ್ಟಿಕೆಯಲ್ಲಿ ಅದೇ ಮನುಷ್ಯನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಎದುರು ಕೈಮುಗಿದು ಕೂತಿದ್ದಾನೆ, ಪಕ್ಕಕ್ಕೆ ಪೂಜಾರಿ, ನಂದಿ. ಲಿಂಗದ ಜಾಗದಲ್ಲಿ ಜಿನನಿದ್ದರೆ ಸತ್ತವನು ಜೈನ. ನೆತ್ತಿಯಲ್ಲಿ ಸೂರ್ಯ ಚಂದ್ರ, ಅವು ಇರುವವರೆಗೂ ಹೆಸರು ಇರಲಿ ಎಂದು. ಅಕ್ಷರ ಹುಡುಕಬೇಕಾದದ್ದು ಪಟ್ಟಿಕೆಗಳ ನಡುವಿನ ಅಡ್ಡ ಅಂಚಿನಲ್ಲಿ.

ದನ ಕಂಡಲ್ಲೆಲ್ಲ ತುರುಗೋಳು ಎನ್ನಬೇಡಿ. ಹಸು ಕರುವಿಗೆ ಹಾಲೂಡಿಸುತ್ತಿದ್ದು, ಪಕ್ಕದಲ್ಲಿ ಲಿಂಗವಿದ್ದು, ಜಗಳದ ಸುಳಿವೇ ಇಲ್ಲದಿದ್ದರೆ ಅದು ದಾನಶಾಸನ. ಗೈಡುಗಳೂ ಇಲ್ಲಿ ತಪ್ಪು ಹೇಳುವುದನ್ನು ಕೇಳಿದ್ದೇನೆ. ಕಂಬದಿಂದ ಹೊರಟ ಬಳೆ ತೊಟ್ಟ ತೋಳು, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಅಂಗೈ, ಕೆಲವೊಮ್ಮೆ ಬೆರಳ ನಡುವೆ ನಿಂಬೆಹಣ್ಣು ಕಂಡರೆ ಮಾಸ್ತಿಕಲ್ಲು, ಗಂಡನ ಹಿಂದೆ ಸಹಗಮನ ಮಾಡಿದವಳ ನೆನಪಿನದು.

ವೀರ ಎಂದರೆ ಮನುಷ್ಯನೇ ಆಗಬೇಕೆಂದೂ ಇಲ್ಲ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರಿನ ಕಲ್ಲಿನಲ್ಲಿ ಮೂರು ಪಟ್ಟಿಕೆಯೂ ಇಲ್ಲ, ಅಪ್ಸರೆಯರೂ ಇಲ್ಲ. ಒಂದು ನಾಯಿ, ಒಂದು ಹಂದಿ, ಅಷ್ಟೇ. ಗಂಗರ ದೊರೆ ಬೂತುಗ ಮೆಚ್ಚಿದ್ದನ್ನು ಕೇಳು ಎಂದಾಗ ಅವನ ಸೇವಕ ಮಣಲೇರ ಕೇಳಿದ್ದು ಕಾಳಿ ಎಂಬ ಆ ನಾಯಿಯನ್ನು. ಹಂದಿಯೊಡನೆ ಕಾದಿ ಎರಡೂ ಸತ್ತವು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದ್ದಾರೆ.

ಇಸವಿ ಲೆಕ್ಕ ಸುಲಭ: ಶಕವರ್ಷಕ್ಕೆ 78 ಸೇರಿಸಿ. ಬಾದಾಮಿಯ ಮೂರನೇ ಗುಹೆಯ ಚಾಲುಕ್ಯ ಮಂಗಳೇಶನ ಶಾಸನ ಶಕ 500, ಅಂದರೆ ಕ್ರಿ.ಶ. 578. ಆತಕೂರಿನದು ಶಕ 872, ಕೂಡಿದರೆ 950. ಆದರೆ ಅಲ್ಲಿ ಹೇಳಿದ ಸೌಮ್ಯ ಸಂವತ್ಸರ ಶುರುವಾದದ್ದು 949ರಲ್ಲಿ. ಹೀಗೆ ಒಂದು ವರ್ಷ ಆಚೀಚೆ ಆಗುವುದು ಮಾಮೂಲು, ಗಾಬರಿ ಬೇಡ.

ಅಕ್ಷರ ಕಾಣುತ್ತಿಲ್ಲವೆಂದು ಸೀಮೆಸುಣ್ಣ ತಿಕ್ಕುವವರಿದ್ದಾರೆ. ಊರಲ್ಲಿ ಹನುಮಪ್ಪನ ಗುಡಿ ಹಿಂದಿನ ಕಲ್ಲಿಗೂ ಅದು ಬೇಡ, ಎಣ್ಣೆ, ಆಯಿಲ್ ಪೇಂಟ್ ಅಂತೂ ಬೇಡವೇ ಬೇಡ. ಓರೆ ಬೆಳಕೇ ಸಾಕು. ಬಯಲಲ್ಲಿಟ್ಟ ಕಲ್ಲುಗಳನ್ನು ಬೆಳಗಿನ ಎಳೆ ಬಿಸಿಲಲ್ಲಿ ನೋಡಿದರೆ ಮಧ್ಯಾಹ್ನ ಕಾಣದ ಗೆರೆಗಳು ಎದ್ದು ನಿಲ್ಲುತ್ತವೆ. ಒಳಗೆ ಟಾರ್ಚ್ ಹಾಕುವ ಮುಂಚೆ ಕಾವಲಿನವರನ್ನು ಕೇಳಿ. ಫೋಟೊಗಿಂತ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಒಳ್ಳೆಯದು. ಪಟ್ಟಿಕೆಗಳನ್ನು ಬಿಡಿಸಿಕೊಂಡರೆ ಮರೆಯುವುದಿಲ್ಲ. ಗೇಟಿನ ಹೊರಗೆ ಮಾರುವ ಬಣ್ಣಬಣ್ಣದ ಪುಸ್ತಕ ಕೊಳ್ಳಬೇಡಿ, ಅರ್ಧ ಚಿತ್ರ, ಇನ್ನರ್ಧ ಲಾಡ್ಜ್ ಜಾಹೀರಾತು.

ಹೊರಬಂದ ಮೇಲೆ ಭೂತನಾಥನ ಗುಡಿ ಕಡೆ ಹೊರಟರೆ, ಕೆರೆಯ ಈಶಾನ್ಯಕ್ಕೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಶುರುವಾಗುವ ತ್ರಿಪದಿ ಅದರಲ್ಲೇ ಇರುವುದು. ದಾರಿ ಗೊತ್ತಿಲ್ಲದಿದ್ದರೆ ಮ್ಯೂಸಿಯಂ ಸಿಬ್ಬಂದಿಯನ್ನೇ ಕೇಳಿ. ಬಂಡೆ ಕಾಯುವ ಮುಂಚೆ ಹೋಗಿ ಬಂದುಬಿಡಿ, ಗುಹೆಗಳನ್ನು ಸಂಜೆಗೆ ಇಟ್ಟುಕೊಳ್ಳಿ.