ಅಡಿಕೆ ರೇಟಿನಿಂದ ಶುರುವಾದ ಕೋಡಿಂಗ್ ಪಾಠ

ಶಿರಸಿಯಲ್ಲಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕು ಅಂತ ಹೊರಟಾಗ, ಮೊದಲು ಕೊನೆಯ ದಿನದ ಪರೀಕ್ಷೆಯನ್ನು ಬರೆದಿಟ್ಟುಕೊಂಡೆ. ಡೇಟಾ, ಕೋಡ್ ಇರುವ ನಿಮ್ಮ ಫೋಲ್ಡರನ್ನು ಪಕ್ಕದವರ ಲ್ಯಾಪ್‌ಟಾಪಿಗೆ ಹಾಕಿ. ಅವರು ನಿಮ್ಮನ್ನು ಏನೂ ಕೇಳದೆ ರನ್ ಮಾಡಲಿ. ನಿಮ್ಮ ಪ್ರಬಂಧದಲ್ಲಿರುವ ಟೇಬಲ್ ಅಲ್ಲೂ ಹಾಗೆಯೇ ಬರಬೇಕು. ಇದಕ್ಕೆ ಏನೇನು ಗೊತ್ತಿರಬೇಕೋ ಅಷ್ಟೇ ಕೋರ್ಸು.

ಯಾಕೆ ಇಷ್ಟು ಪಟ್ಟು ಅಂತ ಕೇಳಿದವರಿಗೆ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರ ಕಥೆ ಹೇಳಿದೆ. ಸಾಲ ಜಿಡಿಪಿಯ ಶೇಕಡಾ 90 ದಾಟಿದ ದೇಶಗಳ ಆರ್ಥಿಕ ಬೆಳವಣಿಗೆ ಸರಾಸರಿ ಶೇಕಡಾ ಮೈನಸ್ 0.1 ಅಂತ 2010ರಲ್ಲಿ ಅವರು ಬರೆದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಫೈಲ್ ತರಿಸಿ ನೋಡಿದರೆ, ಸರಾಸರಿಯ ಫಾರ್ಮುಲಾದಲ್ಲಿ ಐದು ದೇಶಗಳ ಸಾಲುಗಳೇ ಸೇರಿರಲಿಲ್ಲ. ಅದರ ಜೊತೆಗೆ ಬಿಟ್ಟುಹೋದ ವರ್ಷಗಳನ್ನೂ ಲೆಕ್ಕದ ಕ್ರಮವನ್ನೂ ಸರಿಮಾಡಿದಾಗ ಸಿಕ್ಕಿದ್ದು ಶೇಕಡಾ 2.2. ಫೈಲ್ ಕೈಗೆ ಸಿಕ್ಕಿದ್ದರಿಂದ ಇದು ಗೊತ್ತಾಯಿತು. ನಮ್ಮ ಪ್ರಬಂಧಗಳನ್ನೂ ಹೀಗೆ ಯಾರಾದರೂ ತೆರೆದು ನೋಡುವಂತಿರಬೇಕು, ಅಲ್ವಾ?

ಪ್ರೋಗ್ರಾಮಿಂಗ್ ಭಾಷೆಯಾಗಿ ಪುಕ್ಕಟೆ ಸಿಗುವ ಆರ್ (R) ಆರಿಸಿಕೊಂಡೆ. ಅಂಕಿಅಂಶ ಲೆಕ್ಕದ ಸಾಫ್ಟ್‌ವೇರ್ ಸ್ಟೇಟಾ ಚೆನ್ನಾಗಿದೆ, ಆದರೆ ಲೈಸೆನ್ಸ್‌ಗೆ ದುಡ್ಡು ಬೇಕು. ಬಂದವರಲ್ಲಿ ಹೆಚ್ಚಿನವರು ಧಾರವಾಡದಲ್ಲಿ ರಿಜಿಸ್ಟರ್ ಮಾಡಿಸಿ, ಇಲ್ಲೇ ಕಾಲೇಜುಗಳಲ್ಲಿ ಪಾಠ ಮಾಡಿಕೊಂಡಿರುವವರು. ಪೈಥಾನ್ ಆಗಿದ್ದರೂ ನಡೆಯುತ್ತಿತ್ತು. ಈ ಚರ್ಚೆಗೆ ಜಾಸ್ತಿ ಹೊತ್ತು ಕೊಡಲಿಲ್ಲ.

ಹೊತ್ತು ಕೊಟ್ಟಿದ್ದು ಡೇಟಾ ಆರಿಸುವುದಕ್ಕೆ. ಪುಸ್ತಕದಲ್ಲಿ ಬರುವ ಅಮೆರಿಕದ ಕಾರುಗಳ ಮೈಲೇಜ್ ಇಟ್ಟುಕೊಂಡರೆ ಕೋಡ್ ಓಡುತ್ತದೆ, ಆದರೆ ಉತ್ತರ ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಶಿರಸಿ ಮಾರುಕಟ್ಟೆಯ ಅಡಿಕೆ ದರ ತಂದೆ. ಕೃಷಿ ಮಾರುಕಟ್ಟೆ ದರಗಳ ಸರ್ಕಾರಿ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ದಿನಾಂಕ, ಬಗೆ, ಆವಕ, ಕನಿಷ್ಠ, ಗರಿಷ್ಠ ದರ ಎಲ್ಲ ಸಿಗುತ್ತದೆ. ಮೊದಲ ತರಗತಿಯಲ್ಲೇ ಒಬ್ಬರು ಇಡೀ ಕಾಲಮ್ಮಿಗೆ ಸರಾಸರಿ ತೆಗೆದರು. ಉತ್ತರ ಬಂತು. ಹಿಂದೆ ಕೂತಿದ್ದ, ತೋಟದ ಮನೆಯ ಹುಡುಗಿ ತಕ್ಷಣ ಹೇಳಿದಳು: "ಮೇಡಂ, ಚಾಲಿ, ರಾಶಿ, ಕೆಂಪುಗೋಟು ಎಲ್ಲ ಕೂಡಿಸಿದ್ರೆ ಅದು ಯಾವ ಅಡಿಕೆ ರೇಟು?" ಬಗೆವಾರು ಗುಂಪು ಮಾಡುವ ಕಮಾಂಡ್ ಯಾಕೆ ಬೇಕು ಅಂತ ನಾನು ಹೇಳಬೇಕಾಗಲೇ ಇಲ್ಲ.

ಕಾರವಾರ ಕಡೆಯವರಿಗೆ ಮೀನಿನ ಲೆಕ್ಕ. ತಿಂಗಳುವಾರು ಮಾದರಿ ಪಟ್ಟಿಯೊಂದನ್ನು ನಾನೇ ಮಾಡಿ, ಯಾಂತ್ರೀಕೃತ ಬೋಟುಗಳ ಕಾಲಮ್ಮಿನಲ್ಲಿ ಜೂನ್, ಜುಲೈ ಖಾಲಿ ಬಿಟ್ಟಿದ್ದೆ. ಕೆಲವರು ಹಿಂದಿನ, ಮುಂದಿನ ತಿಂಗಳು ನೋಡಿ ಖಾಲಿ ಜಾಗ ತುಂಬಲು ಹೊರಟರು. ಅಂಕೋಲಾದವರೊಬ್ಬರು ತಡೆದರು, ಆಗ ಬೋಟು ನೀರಿಗೇ ಇಳಿಯುವುದಿಲ್ಲವಲ್ಲ ಅಂತ. ಇಂಥ ಬೋಟುಗಳಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಆ ಕಾಲಮ್ಮಿಗೆ ಸೊನ್ನೆಯೇ ಸರಿ. ನಾಡದೋಣಿಯ ಕಾಲಮ್ಮಿನಲ್ಲಿ ಖಾಲಿ ಇದ್ದರೆ ಮಾತ್ರ ಅದು ಸಿಗದ ಮಾಹಿತಿ. ಈ ಎರಡನ್ನು ಬೇರೆ ಬೇರೆಯಾಗಿ ಬರೆಯುವುದು ಹೇಗೆ ಅನ್ನುವುದಕ್ಕೇ ಒಂದು ಇಡೀ ಮಧ್ಯಾಹ್ನ ಕೊಟ್ಟೆ. ಕೋರ್ಸಿನಲ್ಲಿ ನನಗೆ ಅತ್ಯಂತ ಮುಖ್ಯ ಅನಿಸಿದ ಪಾಠ ಇದೇ.

ಆಮೇಲೆ 2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಕಾರ್ಮಿಕ ಬಲದ ಸಮೀಕ್ಷೆಯ (ಪಿಎಲ್‌ಎಫ್‌ಎಸ್) ಫೈಲುಗಳು. ಬರೀ ಅಂಕಿಗಳ ಉದ್ದನೆಯ ಸಾಲು, ಎಷ್ಟನೇ ಅಕ್ಷರದಿಂದ ಎಷ್ಟನೆಯದಕ್ಕೆ ಏನಿದೆ ಅಂತ ಬೇರೆ ಪಟ್ಟಿ ನೋಡಿ ಬಿಡಿಸಬೇಕು. ಜಿಲ್ಲೆಯಂಥವಕ್ಕೆ ಕೊಟ್ಟ ಸಂಕೇತ ಸಂಖ್ಯೆ, ಅಂದರೆ ಕೋಡ್, 01 ಇದ್ದದ್ದು ಎಕ್ಸೆಲ್‌ಗೆ ಹೋದರೆ 1 ಆಗಿಬಿಡುತ್ತದೆ, ಮುಂದೆ ಎರಡು ಫೈಲು ಜೋಡಿಸುವಾಗ ಹೊಂದುವುದೇ ಇಲ್ಲ. ಹಾಗಾಗಿ ಕೋಡ್‌ಗಳನ್ನೆಲ್ಲ ಅಕ್ಷರವಾಗಿಯೇ ಓದಿಸಬೇಕು. ಪ್ರತಿ ಮನೆಗೂ ಕೊಟ್ಟಿರುವ ತೂಕವನ್ನು (ಆ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಅನ್ನುವ ಅಂಕಿ) ಬಿಟ್ಟು ಸರಾಸರಿ ತೆಗೆಯಲೂಬಾರದು.

ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ಗೆ ಕೊಂಚವೇ ಸಮಯ ಇಟ್ಟೆ: ಉಳಿಸುವುದು, ಹಿಂದಿನದನ್ನು ನೋಡುವುದು. ಮೆಷಿನ್ ಲರ್ನಿಂಗ್ ಬೇಕು ಅಂತ ಒತ್ತಾಯವಿತ್ತು, ಬಿಟ್ಟೆ. ಎರಡು ಫೈಲು ಜೋಡಿಸುವುದು ಬಾರದವರಿಗೆ ಅದು ಸುಮ್ನೆ ಭಾರ.

ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್ಟು ನಂಬುವಂತಿಲ್ಲ. ಆರ್, ಅದರ ಪ್ಯಾಕೇಜುಗಳು, ಡೇಟಾ ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಹಂಚಿದ್ದೆ. ಲ್ಯಾಪ್‌ಟಾಪ್ ಆಫ್ ಆದಾಗ ಮಾಡಲು ಕಾಗದದ ಮೇಲಿನ ಅಭ್ಯಾಸವೂ ಇತ್ತು: ಎರಡು ಟೇಬಲ್ ಕೊಟ್ಟು, ಜೋಡಿಸಿದ ಮೇಲೆ ಎಷ್ಟು ಸಾಲು ಬರಬೇಕು ಅಂತ ಮೊದಲೇ ಬರೆಯಿಸುತ್ತಿದ್ದೆ.

ಕೊನೆಯ ದಿನ ಕೆಲವು ಫೋಲ್ಡರುಗಳು ಪಕ್ಕದ ಲ್ಯಾಪ್‌ಟಾಪಿನಲ್ಲಿ ಓಡಲಿಲ್ಲ. ಕಾರಣ ಹೆಚ್ಚಾಗಿ ಒಂದೇ, ಕೋಡಿನೊಳಗೆ ಅವರವರ ಡೆಸ್ಕ್‌ಟಾಪಿನ ವಿಳಾಸ ಉಳಿದಿತ್ತು. ಅಲ್ಲೇ ಕೂತು ತಿದ್ದಿಕೊಂಡರು. ಮುಂದಿನ ತಂಡಕ್ಕೆ ಈ ಫೋಲ್ಡರ್ ಅದಲುಬದಲನ್ನು ಎರಡನೇ ತರಗತಿಯಿಂದಲೇ ಇಡುತ್ತಿದ್ದೇನೆ.